ಬೆರಕೆಯಿಲ್ಲದ ಎಣ್ಣೆ

ಜವರ ಕೆಟ್ಟವನಾಗಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಕೆಟ್ಟವರು ನಾಯಿಗೆ ಕಲ್ಲು ಬೀಸುತ್ತಾರೆ, ಅದು ಕುಂಯ್‌ಗುಟ್ಟುತ್ತ ಓಡುತ್ತದೆ, ನಾಳೆ ಎಲ್ಲ ಮರೆತು ಅದೇ ಬಾಗಿಲಿಗೆ ಬಂದು ಬಾಲ ಅಲ್ಲಾಡಿಸುತ್ತದೆ. ಪ್ರೀತಿಯಿಂದ ಮಾಡಿದ ಕೆಡುಕು ಅಷ್ಟು ಸುಲಭಕ್ಕೆ ಮಾಯುವುದಿಲ್ಲ.

ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಹದಿನಾಲ್ಕು ಗುಡಿಸಲಿನ ಒಂದು ಹಾಡಿ. ಜವರನ ಗುಡಿಸಲು ಎಲ್ಲಕ್ಕಿಂತ ಆಚೆ, ಒಂದು ಕೂಗಳತೆ ದೂರದಲ್ಲಿ, ಅವನ ಚೂರು ರಾಗಿ ಹೊಲದ ತಲೆಯಲ್ಲಿತ್ತು. ಆದರೆ ಕೂಗಳತೆಯ ಲೆಕ್ಕ ಅವನ ಹೆಂಡತಿ ಕೆಂಪಿಗೆ ಯಾವ ಉಪಯೋಗಕ್ಕೂ ಬರುವಂಥದ್ದಲ್ಲ. ಹನ್ನೆರಡು ವರ್ಷದವಳಿದ್ದಾಗ ಬಂದ ಜ್ವರ ಅವಳ ಎರಡು ಕಿವಿಯನ್ನೂ ಕಿತ್ತುಕೊಂಡು ಹೋಗಿತ್ತು. ಮಾತು ಉಳಿದಿತ್ತು. ಎದುರು ನಿಂತು ನಿಧಾನಕ್ಕೆ ಆಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಬೆನ್ನ ಹಿಂದೆ ಸಿಡಿಲು ಬಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಅಂಥ ಹೆಂಗಸು, ಐದು ತಿಂಗಳ ಕೂಸು, ರಾಗಿ ತೆನೆ ಒಡೆದರೆ ಹಗಲು ಹೊತ್ತಿನಲ್ಲೂ ಆನೆ ಇಳಿಯುವ ಜಾಗ. ಹೀಗಿದ್ದೂ ಜವರ ಕೂಲಿಗೆ ಹೋಗಿ ನೆಮ್ಮದಿಯಾಗಿ ಬರುತ್ತಿದ್ದ ಅಂದರೆ ಅದಕ್ಕೆ ಕಾರಣ ಬೂದಿ.

ಬೂದಿ ಹೆಣ್ಣುನಾಯಿ. ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಕೆಲಸಕ್ಕೆ ಹೋಗಿದ್ದ ವರ್ಷ, ಬೂದಿ ಗುಡ್ಡೆಯೊಳಗೆ ಬೆಚ್ಚಗೆ ಹೂತುಕೊಂಡು ಮಲಗಿದ್ದ ಮರಿಯನ್ನು ಜವರ ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಬಣ್ಣವೂ ಅದೇ, ಹೆಸರೂ ಅದೇ ಆಯಿತು. ಕೆಂಪಿಗೆ ಕಿವಿ ಕೇಳುವುದಿಲ್ಲ ಅನ್ನುವುದನ್ನು ಮರಿ ಯಾವಾಗ ಕಂಡುಕೊಂಡಿತೋ ದೇವರೇ ಬಲ್ಲ. ಯಾರೂ ಕಲಿಸಲಿಲ್ಲ. ಕೂಸು ಅತ್ತರೆ ಬಂದು ಒದ್ದೆ ಮೂತಿಯನ್ನು ಕೆಂಪಿಯ ಅಂಗಾಲಿಗೆ ಒತ್ತುತ್ತಿತ್ತು. ಯಾರಾದರೂ ಬಂದರೆ, ಅದರಲ್ಲೂ ಜವರ ಬಂದರೆ, ಅವಳ ಮೊಣಕಾಲಿಗೆ ಬಾಲ ಬಡಿಯುತ್ತ ಬಾಗಿಲ ಕಡೆ ಕುಣಿಯುತ್ತಿತ್ತು. ಆನೆಯ ವಾಸನೆ ಬಂದರೆ ಮಾತ್ರ ಬೇರೆ. ಆಗ ಬೊಗಳುತ್ತಿರಲಿಲ್ಲ. ಸೀರೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿತ್ತಲ ಕಡೆ ಎಳೆಯುತ್ತಿತ್ತು.

ಹಿಂದಿನ ವರ್ಷ ಕೆಂಪಿ ಎಳೆ ಬಸುರಿ. ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಾಗ ಅವಳ ಬೆನ್ನ ಹಿಂದೆ ಇಪ್ಪತ್ತು ಮಾರು ದೂರದಲ್ಲಿ ಸಲಗ ಬಂದು ನಿಂತಿತ್ತು. ಹಳ್ಳದ ಆಚೆ ದಡದಲ್ಲಿ ಸೌದೆ ಹೊರೆ ಹೊತ್ತಿದ್ದ ಜವರ ಅದನ್ನು ಕಣ್ಣಾರೆ ಕಂಡ. ಗಂಟಲು ಹರಿಯುವ ಹಾಗೆ ಕೂಗಿದ. ಕೂಗಿ ಏನು ಬಂತು? ಅವಳು ಕಳೆ ಕೀಳುತ್ತಲೇ ಇದ್ದಳು. ಅಷ್ಟರಲ್ಲಿ ಬೂದಿ ಎಲ್ಲಿಂದಲೋ ನುಗ್ಗಿ ಅವಳ ಸೀರೆ ಕಚ್ಚಿ ಎಳೆಯಿತು. ಹಿತ್ತಲ ಆಚೆ ದೊಡ್ಡಕಲ್ಲು ಅಂತ ಒಂದು ಬಂಡೆ ಇತ್ತು. ಅದರ ಸೀಳಿನಲ್ಲಿ ಮನುಷ್ಯರು ಹತ್ತಿ ಕೂರಬಹುದು, ಆನೆ ಸೊಂಡಿಲು ಚಾಚಿದರೂ ಎಟುಕುವುದಿಲ್ಲ. ಕೆಂಪಿ ಅಲ್ಲಿಗೆ ಓಡಿ ಉಳಿದಳು.

ಅವತ್ತೇ ಜವರ ಅವಳ ಎದುರು ಕೂತು, ತುಟಿ ಅಗಲಿಸಿ ಅಗಲಿಸಿ ಒಂದು ಕಟ್ಟಳೆ ಮಾಡಿದ.

"ಬೂದಿ ಸೀರೆಗೆ ಅಲ್ಲಾಕಿ ಎಳುದ್ರೆ ಕೈಲಿರೋದ ಅಲ್ಲೇ ಬುಟ್ಬುಡು. ಒಲೆ ಉರೀತಿರ್ಲಿ, ಅನ್ನ ಸೀದೋಗ್ಲಿ. ಕೂಸಾದ್ ಮ್ಯಾಲೆ ಕೂಸ್ನ ಎತ್ಕೊ, ಓಡು. ಇಂದಕ್ಕೆ ತಿರುಗಿ ನೋಡ್ಬ್ಯಾಡ. ತಿಳೀತಾ?"

ಕೆಂಪಿ ತಲೆಯಾಡಿಸಿದ್ದಳು. ಇಷ್ಟು ಈ ನಾಯಿಯ ಸಂಗತಿ. ನಾಯಿ ಅಂತ ಬಾಯಲ್ಲಿ ಅಂದರೂ ಅದು ಆ ಮನೆಯ ಕಿವಿ.

ಕೂಸು ಹುಟ್ಟಿದ ವರ್ಷ ಮಳೆ ಹಿಂದಾದ ಮೇಲೆ ಜವರ ಎಣ್ಣೆ ಭಟ್ಟಿಯ ಕೆಲಸಕ್ಕೆ ಸೇರಿದ್ದ. ಕಾಡಂಚಿನ ಗುಡ್ಡದ ಮೇಲೆಲ್ಲ ಆಳೆತ್ತರ ಮಜ್ಜಿಗೆ ಹುಲ್ಲು. ಅದನ್ನು ಕೊಯ್ದು, ದೊಡ್ಡ ತಾಮ್ರದ ಹಂಡೆಯಲ್ಲಿ ತುರುಕಿ, ನೀರು ಕಾಯಿಸಿ, ಆವಿಯನ್ನು ಕೊಳವೆಯಲ್ಲಿ ಇಳಿಸಿದರೆ ತೊಟ್ಟು ತೊಟ್ಟಾಗಿ ಹಳದಿ ಎಣ್ಣೆ ಬೀಳುತ್ತಿತ್ತು. ಸೋಪಿಗೆ, ಸೆಂಟಿಗೆ ಅಂತ ಅದು ಡಬ್ಬದಲ್ಲಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಮೇಸ್ತ್ರಿ ಕಂಠಪ್ಪ ಸಾಲಿಗ್ರಾಮದ ಕಡೆಯವನು. ಬಾಯಿ ಜೋರು, ಮನಸ್ಸು ಮೆದು. ಭಟ್ಟಿಯ ಆಳುಗಳೆಲ್ಲ ಬೆಳಗ್ಗೆ ಹೊಂಗೆ ಎಣ್ಣೆಗೆ ನಾಲ್ಕು ತೊಟ್ಟು ಹುಲ್ಲೆಣ್ಣೆ ಬೆರೆಸಿ ಕಾಲಿಗೆ ಸವರಿಕೊಂಡೇ ಹುಲ್ಲಿಗೆ ಇಳಿಯುತ್ತಿದ್ದರು. ಜಿಗಣೆ ಹತ್ತುತ್ತಿರಲಿಲ್ಲ, ಉಣ್ಣಿ ಕಚ್ಚುತ್ತಿರಲಿಲ್ಲ.

ಮಾರ್ನಾಮಿಯ ಆಯುಧಪೂಜೆಗೆ ಹಿಂದಿನ ದಿನ ಕಂಠಪ್ಪ ಆಳಿಗೊಂದು ಔಷಧದ ಸೀಸೆಯಷ್ಟು ಎಣ್ಣೆ ಕೊಟ್ಟ.

"ಲೇ ಜವರ, ಇದು ಮೊದ್ಲು ಇಳ್ದಿದ್ದು ಕಣ್ಲಾ, ಬೋ ಖಾರ. ಇಪ್ಪತ್ತಕ್ಕೆ ಒಂದು ಬೆರ್ಸಿ ಹಚ್ಕೊ. ಅಂಗೇ ಬಳ್ಕೊಂಡೀಯ, ಚರ್ಮ ಎದ್ದೋದಾತು."

ಜವರ ಹೂಂಗುಟ್ಟಿದ. ಆದರೆ ಮನಸ್ಸಿನಲ್ಲಿ ಬೇರೆ ಲೆಕ್ಕ ಹಾಕಿದ. ಬೆರೆಸುವುದು ಎಣ್ಣೆ ಉಳಿಸುವುದಕ್ಕೆ, ಮೇಸ್ತ್ರಿ ಖಾರ ಗೀರ ಅನ್ನುವುದೆಲ್ಲ ಯಜಮಾನನ ಜಿಪುಣತನದ ನೆವ ಅಂತ ಅವನು ತಿಳಿದಿದ್ದ. ಉಳ್ಳವರು ಕೊಡುವ ಎಲ್ಲದರಲ್ಲೂ ನೀರು ಬೆರೆತಿರುವುದನ್ನು ಕಂಡವನಿಗೆ ಹಾಗನ್ನಿಸಿದರೆ ತಪ್ಪಲ್ಲ.

ಮಾರನೆಯ ದಿನ ಬೆಳಗ್ಗೆ ಮಚ್ಚು, ಕುಡುಗೋಲು, ಅಗೆಗೋಲು, ಜೇನು ಇಳಿಸುವ ಹಗ್ಗ ಎಲ್ಲವನ್ನೂ ತೊಳೆದು ಒಲೆಯ ಮುಂದೆ ಮುತ್ತುಗದ ಎಲೆಯ ಮೇಲೆ ಸಾಲಾಗಿ ಇಟ್ಟರು. ಜವರನ ಅಪ್ಪನ ಕಾಲದಿಂದ ಅವರ ಮನೆಯಲ್ಲಿ ಒಂದು ಪದ್ಧತಿ: ಮನೆಗೆ ದುಡಿಯುವುದು ಯಾವುದೇ ಇರಲಿ, ಅವತ್ತು ಅದಕ್ಕೆ ಎಣ್ಣೆ ಮುಟ್ಟಿಸಬೇಕು, ಕೆಲಸ ಕೊಡಬಾರದು. ಕೆಂಪಿ ಎಲ್ಲಕ್ಕೂ ಕುಂಕುಮ ಇಟ್ಟಳು. ಸಾಲಿನ ಕೊನೆಯಲ್ಲಿ, ಯಾರೋ ಕರೆದು ಕೂರಿಸಿದ ಹಾಗೆ, ಬೂದಿ ಬಂದು ಕೂತಿತು.

ಕೆಂಪಿ ನಕ್ಕುಬಿಟ್ಟಳು. ಬೂದಿಯ ಹಣೆಗೂ ಒಂದು ಬೊಟ್ಟಿಟ್ಟಳು. ಜವರ ಅದನ್ನು ಹತ್ತಿರಕ್ಕೆ ಎಳೆದುಕೊಂಡ. ಹೌದಲ್ಲ, ಈ ಮನೆಗೆ ಇದಕ್ಕಿಂತ ಹೆಚ್ಚು ದುಡಿದ ಆಯುಧ ಯಾವುದು? ಮಚ್ಚಿಗೆ ಎಣ್ಣೆ, ಹಗ್ಗಕ್ಕೆ ಎಣ್ಣೆ, ಹೆಂಡತಿ ಮಕ್ಕಳ ಜೀವ ಕಾದ ಇದಕ್ಕೆ ಬರೀ ಬೊಟ್ಟೆ? ಮಳೆಗಾಲದ ಉಣ್ಣಿ ಬೇರೆ ಅದರ ಕಿವಿಯಲ್ಲಿ ಹುರುಳಿ ಕಾಳಿನ ಹಾಗೆ ಕಚ್ಚಿಕೊಂಡಿದ್ದವು.

ಮೂಲೆಯಲ್ಲಿ ಹೊಂಗೆ ಎಣ್ಣೆಯ ಕುಡಿಕೆ ಇತ್ತು. ಜವರ ಅದರ ಕಡೆ ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. ದೇವರ ಕೆಲಸಕ್ಕೆ ಬೆರಕೆ ಆಗುತ್ತದೆಯೇ? ಸೀಸೆಯ ಬಿರಡೆ ಕಿತ್ತು ಅಂಗೈಗೆ ಸುರಿದುಕೊಂಡ. ಕಿವಿಯಿಂದ ಬಾಲದವರೆಗೆ, ಹೊಟ್ಟೆಯ ಕೆಳಗೆ, ಬೆರಳ ಸಂದಿಗೆ, ಒಂದು ಕಡೆಯೂ ಬಿಡದ ಹಾಗೆ ತಿಕ್ಕಿದ. ಬೂದಿ ಸೀನಿತು, ಮುಖ ತಿರುಗಿಸಿತು, ಕಣ್ಣಲ್ಲಿ ನೀರು ಬಂತು. ಆದರೂ ಎದ್ದು ಹೋಗಲಿಲ್ಲ. ತಿಕ್ಕುತ್ತಿದ್ದದ್ದು ಅವನ ಕೈ ಅಂತ ಸುಮ್ಮನೆ ನಿಂತಿತ್ತು.

ಬಿಟ್ಟ ಕೂಡಲೇ ಅದು ಹೊರಗೆ ಹೋಗಿ ಮೈ ನೆಕ್ಕಿಕೊಳ್ಳುವುದಕ್ಕೆ ಕೂತಿತು. ಕಾಲು ನೆಕ್ಕಿತು, ಹೊಟ್ಟೆ ನೆಕ್ಕಿತು, ಬಾಲದ ಬುಡ ನೆಕ್ಕಿತು. ನೆಕ್ಕಿದಷ್ಟೂ ಉರಿ, ಉರಿದಷ್ಟೂ ನೆಕ್ಕುವುದು. ಗುಡಿಸಲೆಲ್ಲ ನಿಂಬೆಯಂಥ ಕಮ್ಮನೆ ವಾಸನೆ. ಗಂಡ ಹೆಂಡತಿ ಪಾಯಸ ಉಂಡರು. ಒಂದು ಗಳಿಗೆ ಕಳೆದ ಮೇಲೆ ಬೂದಿ ಎದ್ದು ನಾಲ್ಕು ಹೆಜ್ಜೆ ಇಟ್ಟು ಪಕ್ಕಕ್ಕೆ ವಾಲಿತು. ಇನ್ನೆರಡು ಹೆಜ್ಜೆಗೆ ಕಾಲು ಕಾಲಿಗೆ ತೊಡರಿತು.

"ಅಬ್ಬಕ್ಕೆ ಎಂಡ ಕುಡ್ದದೆ!" ಅಂದಳು ಕೆಂಪಿ. ಇಬ್ಬರೂ ನಕ್ಕರು. ಆ ನಗುವನ್ನು ಜವರ ಆಮೇಲೆ ಎಷ್ಟು ಸಲ ನೆನೆದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡನೋ.

ಅಷ್ಟರಲ್ಲಿ ಒಳಗೆ ಕೂಸು ಮಲ್ಲಿ ಅಳತೊಡಗಿತು. ಅಂಗಳದಲ್ಲಿ ಬಿದ್ದಿದ್ದ ಬೂದಿ ಕಿವಿ ನಿಮಿರಿಸಿತು. ಎದ್ದಿತು, ಬಿತ್ತು. ಮತ್ತೆ ಎದ್ದಿತು. ಬಾಯಿಯಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು. ಹೊಟ್ಟೆ ಎಳೆದುಕೊಂಡು ಕೆಂಪಿಯ ಕಾಲಿನ ಕಡೆ ಬಂದು, ಮೂತಿ ಒತ್ತುವುದಕ್ಕೆ ಇನ್ನೊಂದು ಗೇಣು ಇದೆ ಅನ್ನುವಾಗ ತಲೆ ನೆಲಕ್ಕೆ ಹಾಕಿಬಿಟ್ಟಿತು. ಕೆಂಪಿ ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದಳು. ಕೂಸು ಅಳುತ್ತಲೇ ಇತ್ತು. ಜವರ ಎದ್ದು ಹೋಗಿ ಹೆಂಡತಿಯ ಭುಜ ಮುಟ್ಟಬೇಕಾಯಿತು. ಅವಳು ತಿರುಗಿ ಮೊದಲು ಗಂಡನನ್ನು ನೋಡಿದಳು, ಆಮೇಲೆ ನೆಲದ ಮೇಲಿದ್ದ ಬೂದಿಯನ್ನು ನೋಡಿದಳು. ಅವಳ ಮುಖದ ಬಣ್ಣ ಹೋಯಿತು.

ಬೂದಿಯ ಮೈ ತಣ್ಣಗಿತ್ತು, ನಡುಗುತ್ತಿತ್ತು. ಚಳಿ ಹಿಡಿದ ಮನುಷ್ಯರಿಗೆ ಭಟ್ಟಿಯಲ್ಲಿ ಏನು ಮಾಡುತ್ತಿದ್ದರು? ಹುಲ್ಲೆಣ್ಣೆ ತಿಕ್ಕುತ್ತಿದ್ದರು. ಜವರನಿಗೆ ಹೊಳೆದದ್ದೂ ಅದೇ. ಸೀಸೆಯ ತಳದಲ್ಲಿ ಉಳಿದಿದ್ದದ್ದನ್ನೂ ಅದರ ಎದೆಗೆ ಸುರಿದು ತಿಕ್ಕಿದ, ಒಲೆಯ ಹತ್ತಿರ ಮಲಗಿಸಿದ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ. ನಡುಕ ಹೆಚ್ಚಾಯಿತು. ಬೂದಿ ಕಣ್ಣು ಬಿಟ್ಟುಕೊಂಡೇ ಇತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

ಹಬ್ಬದ ಗೆಣಸು ಕೊಡುವುದಕ್ಕೆ ಬಂದ ಮುದುಕಿ ಸಿದ್ದಿ, ಜವರನ ಚಿಕ್ಕವ್ವ, ಅಂಗಳದಿಂದಲೇ ಮೂಗು ಮುಚ್ಚಿಕೊಂಡಳು.

"ಏನ್ಲಾ ಇದು ಗಾಟು? ಏನ್ ಮಾಡ್ದೆ ನಾಯಿಗೆ?"

ಜವರ ಹೇಳಿದ. ಹೇಳುತ್ತಿದ್ದ ಹಾಗೆ ಅವನ ದನಿ ಇಳಿದುಹೋಯಿತು.

"ಅಯ್ಯೋ ಮುಂಡೇದೆ! ನೀನು ಮೈಗೆ ಅಚ್ಕೊಂಡ್ರೆ ಮೈ ಮ್ಯಾಲೇ ಇರ್ತದೆ. ಅದು ನಾಲ್ಗೇಲಿ ಮೈ ತೊಳ್ಕೊಳೋ ಜೀವ ಕಣ್ಲಾ. ನೀ ಅಚ್ಚಿದ್ದೆಲ್ಲ ಅದ್ರ ಒಟ್ಟೆಗೆ ಓಯ್ತದೆ. ಯಾವ ದೇವ್ರು ಕೇಳಿದ್ನೋ ನಿನ್ ಎಣ್ಣೆಯ!"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜವರ ಕೂತಲ್ಲೇ ತಲೆ ಚಚ್ಚಿಕೊಂಡ. ಸಿದ್ದಿಗೆ ಗೊತ್ತಿದ್ದದ್ದು ಒಂದೇ ದಾರಿ. ಹಂಪಾಪುರದಲ್ಲಿ ದನದ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದ ಶಿವನಂಜಪ್ಪ ಅನ್ನುವವರು ಇದ್ದಾರೆ, ಹಾವು ಕಡಿದ ಹಸುವನ್ನೂ ಉಳಿಸಿದ್ದಾರೆ, ಅವರ ಕಾಲಿಗೆ ಬೀಳು ಅಂದಳು. ಹಂಪಾಪುರ ಅಂದರೆ ಏಳು ಮೈಲಿ. ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ.

ಜವರನ ಎದೆ ಒಡೆದದ್ದು ಅಲ್ಲಿ. ನಾಯಿಯನ್ನು ಹೊತ್ತುಕೊಂಡು ಹೋದರೆ ಕೆಂಪಿ ಇಡೀ ದಿನ ಕಿವಿಯಿಲ್ಲದೆ ಒಬ್ಬಳೇ. ಹೋಗದಿದ್ದರೆ ಬೂದಿ ಸಾಯುತ್ತದೆ, ಆಮೇಲೆ ಬದುಕಿರುವಷ್ಟು ದಿನವೂ ಒಬ್ಬಳೇ. ರಾಗಿ ಬೇರೆ ತೆನೆ ತುಂಬಿ ತೂಗುತ್ತಿತ್ತು. ಮೊನ್ನೆಯಷ್ಟೇ ಹಳ್ಳದ ದಡದಲ್ಲಿ ಹಸಿ ಲದ್ದಿ ಬಿದ್ದಿತ್ತು. ಹಾಡಿಯ ಗಂಡಸರು ಅರ್ಧಕ್ಕರ್ಧ ಕೊಡಗಿನ ತೋಟಕ್ಕೆ ಹೋಗಿದ್ದರು. ಸಿದ್ದಿ ಮಧ್ಯಾಹ್ನ ಒಂದು ಸಲ ಬಂದು ಹೋಗುತ್ತೇನೆ ಅಂದಳು, ಅವಳಿಗೂ ಆಡುಗಳಿದ್ದವು. ಹಾಡಿಗೆ ಬಂದಿರು ಅಂದರೆ ಕೆಂಪಿ ಮನೆ, ತೆನೆ ತುಂಬಿದ ಹೊಲ ಬಿಟ್ಟು ಬರುವುದಿಲ್ಲ ಅಂತ ತಲೆಯಾಡಿಸಿದಳು.

ಕೆಂಪಿಯ ಎದುರು ಮಂಡಿಯೂರಿ ಕೂತು ಅವನು ತುಟಿ ಆಡಿಸಿದ. "ಅಂಪಾಪುರಕ್ಕೆ. ಬತ್ತೀನಿ. ಕೂಸ್ನ ಕೆಳಗೆ ಇಳಿಸ್ಬ್ಯಾಡ."

ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು. ಪೂಜೆಗೆ ಇಟ್ಟ ಮಚ್ಚನ್ನು ಎಲೆಯ ಮೇಲಿಂದ ಎತ್ತಿ ಕೈಯಲ್ಲಿ ಹಿಡಿದು, ಗೋಡೆಗೆ ಒರಗಿ, ಬಾಗಿಲಿಗೆ ಮುಖ ಮಾಡಿ ಕೂತಳು.

ಬೂದಿಯನ್ನು ಗೋಣಿಯಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಜವರ ಓಡಿದ. ಕಾಡುದಾರಿ ಮುಗಿದು ಮಣ್ಣುರಸ್ತೆ ಸಿಕ್ಕಾಗ ಅವನಿಗೊಂದು ಆಸೆ ಇತ್ತು. ಕಬಿನಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ ಅದು, ಕಲ್ಲು ಹೇರಿದ ಲಾರಿಗಳು ದಿನಕ್ಕೆ ಇಪ್ಪತ್ತು ಓಡಾಡುತ್ತಿದ್ದವು. ಅವತ್ತು ನೋಡಿದರೆ ಲಾರಿಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು, ವಿಭೂತಿ ಬಳಿಸಿಕೊಂಡು ರಸ್ತೆ ಬದಿಯಲ್ಲಿ ಸಾಲಾಗಿ ನಿಂತಿದ್ದವು. ಜವರ ಕೈ ಮುಗಿದ.

"ಇವತ್ತು ಗಾಲಿ ಉಳ್ಳಾಕಿಲ್ಲ ಕಣಪ್ಪ," ಅಂದ ಒಬ್ಬ ಡ್ರೈವರು. "ನಮ್ ಸಾವುಕಾರ್ರ ಕಟ್ಟಳೆ. ನಾಳೀಕೆ ಬಾ." ಗೋಣಿಯೊಳಗೆ ಇಣುಕಿ, "ಗಮ್ಮಂತದಲ್ಲೋ ನಾಯಿ!" ಅಂತ ನಕ್ಕ.

ಮುಂದಿನ ಊರಿನಲ್ಲಿ ಎತ್ತುಗಳಿಗೆ ಕೊಂಬಿಗೆ ಹೂ ಕಟ್ಟಿ ಹುಲ್ಲು ಹಾಕಿದ್ದರು, ಗಾಡಿಗಳು ಮೂಕಿ ಕೆಳಗಿಟ್ಟು ಮಲಗಿದ್ದವು. ದುಡಿಯುವುದಕ್ಕೆಲ್ಲ ರಜೆ ಕೊಟ್ಟ ದಿನ. ತಾನೂ ಅದೇ ನ್ಯಾಯದಲ್ಲಿ ಬೂದಿಯನ್ನು ಕೂರಿಸಿ ಎಣ್ಣೆ ತಿಕ್ಕಿದ್ದು ಅನ್ನುವುದು ಜವರನಿಗೆ ನೆನಪಾಗಿ, ನಡುರಸ್ತೆಯಲ್ಲೇ ಅವನಿಗೆ ಅಳು ಬಂತು. ಅಳುತ್ತಲೇ ಓಡಿದ. ಗೋಣಿಯೊಳಗಿನ ನಡುಕ ಅವನ ಕುತ್ತಿಗೆಗೆ ತಾಕುತ್ತಿತ್ತು. ತಾಕುತ್ತಿರುವಷ್ಟು ಹೊತ್ತು ಜೀವ ಇದೆ ಅಂತ ಲೆಕ್ಕ. ಒಮ್ಮೆ ನಡುಕ ನಿಂತ ಹಾಗಾಯಿತು. ಗೋಣಿ ಇಳಿಸಿ ಎದೆಗೆ ಕಿವಿಯಿಟ್ಟ. ಡವಡವ ಇತ್ತು.

ಶಿವನಂಜಪ್ಪನವರು ಜಗಲಿಯ ಮೇಲೆ ಸೈಕಲ್ಲಿಗೆ ಹೂವಿನ ಹಾರ ಹಾಕುತ್ತಿದ್ದರು. ಬಿಳಿ ಮೀಸೆಯ ತೆಳ್ಳನೆಯ ಮನುಷ್ಯ. ಒಳಗೆ ಮಣೆಯ ಮೇಲೆ ಅವರ ಕತ್ತರಿ, ಪಿಚಕಾರಿ, ಸೂಜಿಗಳೆಲ್ಲ ಕುಂಕುಮ ಇಡಿಸಿಕೊಂಡು ಕೂತಿದ್ದವು. ಜವರ ಅಂಗಳದಲ್ಲಿ ಅಡ್ಡಬಿದ್ದ.

"ಬುದ್ದಿ, ಉಳ್ಸಿಕೊಡಿ. ನನ್ ಎಂಡ್ರಿಗೆ ಕಿವಿ ಇಲ್ಲ ಬುದ್ದಿ, ಇದೇ ಅವ್ಳ ಕಿವಿ. ನಾನೇ ಕೈಯಾರ ಕೊಂದ್ಬುಟ್ಟೆ."

"ಏಳಯ್ಯ, ಏಳು. ಆಯುಧ ಪೂಜೇಲಿ ಕುಂತವೆ, ನಾಳೆವರ್ಗೂ ಮುಟ್ಟೋ ಹಂಗಿಲ್ಲ," ಅನ್ನುತ್ತಲೇ ಅವರು ಗೋಣಿ ಬಿಚ್ಚಿದರು. ಮೂಸಿದರು. ಮುಖ ಗಂಟಾಯಿತು. "ಹುಲ್ಲೆಣ್ಣೆ! ಬೆರ್ಸಿದ್ದೋ, ಹಸೀದೋ?"

"ಹಸೀದು ಬುದ್ದಿ."

"ಎಷ್ಟು?"

ಜವರ ಖಾಲಿ ಸೀಸೆ ತೋರಿಸಿದ. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಇದಕ್ಕೆ ಸೂಜಿ ಬ್ಯಾಡ, ನೀರು ಬೇಕು. ಬಾವೀಲಿ ಸೇದು. ವಾಂತಿ ಮಾಡ್ಸೋಕೆ ಹೋಗ್ಬ್ಯಾಡ, ಮೇಲೆ ಬರೋವಾಗ ಪುಪ್ಪುಸಕ್ಕೆ ಇಳುದ್ರೆ ಅಲ್ಲೇ ಮುಗೀತು."

ಮನೆಯವರ ಸೋಪಿನ ಬಿಲ್ಲೆಯನ್ನೇ ತಂದು ತಾವೇ ಕೂತು ತೊಳೆದರು. ಬೆಚ್ಚನೆ ನೀರು, ಸೋಪು, ಮತ್ತೆ ನೀರು. ಎಣ್ಣೆಯ ಜಿಡ್ಡು ಹೋಗುವ ತನಕ ಏಳು ಸಲ. ತೊಳೆದ ಕಡೆ ಚರ್ಮ ಸುಟ್ಟ ಹಾಗೆ ಕೆಂಪಗೆ ಎದ್ದಿತ್ತು, ಹೊಟ್ಟೆಯ ರೋಮ ಅವರ ಬೆರಳಿಗೆ ಗೊಂಚಲಾಗಿ ಬರುತ್ತಿತ್ತು. ಒಣ ಬಟ್ಟೆಯಲ್ಲಿ ಸುತ್ತಿ, ಗಾಳಿ ಆಡುವ ಕಡೆ ಮಲಗಿಸಿ, ಸಕ್ಕರೆ ನೀರನ್ನು ಬತ್ತಿಯಲ್ಲಿ ಅದ್ದಿ ತುಟಿಗೆ ಸವರಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಆಮೇಲೆ ಬೂದಿಯ ನಾಲಗೆ ಒಂದು ಸಲ ಹೊರಗೆ ಬಂದು ಬತ್ತಿಯನ್ನು ಮುಟ್ಟಿತು.

"ಇವತ್ತು ಇಲ್ಲೇ ಇರ್ಲಿ," ಅಂದರು ಶಿವನಂಜಪ್ಪ. "ಕುಲುಕಾಡಿಸ್ಬಾರ್ದು."

"ಆಗಾಕಿಲ್ಲ ಬುದ್ದಿ. ಅವ್ಳು ಒಬ್ಳೇ ಅವ್ಳೆ."

ಅವರು ಎಣ್ಣೆ ಹತ್ತಿದ ಗೋಣಿಯನ್ನು ಆಚೆ ಎಸೆದು ಬೇರೆ ಗೋಣಿ ಕೊಟ್ಟರು. "ನಾಯಿ ಮೂಗು ನಿನ್ನ ಮೂಗಲ್ಲ, ತಿಳ್ಕೊ. ನಿಂಗೆ ಗಮ್ಮನ್ನೋದು ಅದಕ್ಕೆ ಬೆಂಕಿ. ಉಳುದ್ರೆ ಈ ವಾಸ್ನೆ ಅದ್ರ ಹತ್ರ ಸುಳೀಬಾರ್ದು. ನಿನ್ ಅಂಗಿ, ನಿನ್ ಕೈ, ಯಾವ್ದ್ರಲ್ಲೂ."

ಜವರ ಹಾಡಿ ಸೇರಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಕೆಂಪಿ ಬಿಟ್ಟು ಹೋದ ಜಾಗದಲ್ಲೇ ಇದ್ದಳು. ಕೂಸು ಬೆನ್ನಲ್ಲೇ ನಿದ್ದೆ ಹೋಗಿತ್ತು. ಬೆಳಗ್ಗಿನಿಂದ ಬಾಗಿಲು, ಕಿಟಕಿ, ಬಾಗಿಲು ಅಂತ ಕತ್ತು ತಿರುಗಿಸಿ ತಿರುಗಿಸಿ ಅವಳ ಕುತ್ತಿಗೆ ಮರಗಟ್ಟಿತ್ತು. ನೀರು ಕುಡಿದಿರಲಿಲ್ಲ, ಒಲೆ ಹಚ್ಚಿರಲಿಲ್ಲ. ಮಚ್ಚು ಹಿಡಿದ ಬೆರಳುಗಳನ್ನು ಅವನೇ ಒಂದೊಂದಾಗಿ ಬಿಡಿಸಬೇಕಾಯಿತು. ಗೋಣಿಯಲ್ಲಿ ಉಸಿರಾಡುತ್ತಿದ್ದ ಬೂದಿಯನ್ನು ನೋಡಿದ ಮೇಲೆ ಅವಳು ಬಾಯಿಬಿಟ್ಟು ಅತ್ತಳು. ತನ್ನ ಅಳು ಎಷ್ಟು ಜೋರಿದೆ ಅನ್ನುವುದು ಅವಳಿಗೆ ತಿಳಿಯುತ್ತಿರಲಿಲ್ಲ.

ಬೂದಿ ಸಾಯಲಿಲ್ಲ. ಮೂರನೇ ದಿನ ಗಂಜಿ ನೆಕ್ಕಿತು, ಐದನೇ ದಿನ ನಿಂತಿತು. ಏಳನೇ ದಿನ ಮಲ್ಲಿ ಅತ್ತಾಗ ಓಲಾಡುತ್ತ ಹೋಗಿ ಕೆಂಪಿಯ ಅಂಗಾಲಿಗೆ ಮೂತಿ ಒತ್ತಿತು. ಕೆಂಪಿ ಕೈಲಿದ್ದ ಮೊರ ಬಿಸಾಡಿ ಅದನ್ನು ತಬ್ಬಿಕೊಂಡಳು. ಅಷ್ಟು ದಿನ ಜವರ ಕೆಲಸಕ್ಕೆ ಹೋಗಿರಲಿಲ್ಲ. ನಾಯಿಗಿಂತ ಮೊದಲು ಎದ್ದು, ನಾಯಿಗಿಂತ ಆಮೇಲೆ ಮಲಗಿ, ಹಗಲೆಲ್ಲ ಹೊಲದ ಕಡೆ ಕಣ್ಣಿಟ್ಟು ತಾನೇ ಕಿವಿಯಾಗಿ ಕೂತಿದ್ದ. ಒಂದು ಮಾತ್ರ ಅವನಿಗೆ ಚುಚ್ಚುತ್ತಿತ್ತು. ಅವನು ಕೈ ಚಾಚಿದರೆ ಬೂದಿ ಕಿವಿ ಹಿಂದಕ್ಕೆ ಮಾಡಿ ಕೆಂಪಿಯ ಸೀರೆಯ ಮರೆಗೆ ಹೋಗುತ್ತಿತ್ತು. ಅವನು ಇಟ್ಟ ಅನ್ನವನ್ನು ಅವನು ಆಚೆ ಹೋದ ಮೇಲೆಯೇ ತಿನ್ನುತ್ತಿತ್ತು. ಕೈಯನ್ನು ಸೀಗೆ, ಒಲೆಯ ಬೂದಿ, ಹುಣಸೆಹಣ್ಣು ಎಲ್ಲದರಲ್ಲೂ ಉಜ್ಜಿ ತೊಳೆದ. ಬರುಬರುತ್ತ ಸರಿಹೋಗುತ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮನೆಯಲ್ಲಿ ಹಿಟ್ಟು ಮುಗಿಯುತ್ತ ಬಂದಿತ್ತು. ರಾಗಿ ಕೊಯ್ಲಿಗೆ ಇನ್ನೂ ಒಂದು ತಿಂಗಳು. ಹತ್ತನೇ ದಿನ ಕಂಠಪ್ಪ ಹೇಳಿಕಳಿಸಿದ, ಭಟ್ಟಿ ಉರಿಯುತ್ತಿದೆ, ಬರುವುದಾದರೆ ಬಾ, ಇಲ್ಲದಿದ್ದರೆ ಬೇರೆ ಆಳು ನೋಡುತ್ತೇನೆ ಅಂತ. ಬೇರೆ ದಾರಿ ಇರಲಿಲ್ಲ. ಜವರ ಹೋದ. ಮೊದಲೇ ಯೋಚನೆ ಮಾಡಿ ಒಂದು ಹಳೆಯ ಅಂಗಿಯನ್ನು ಭಟ್ಟಿಯ ಕೆಲಸಕ್ಕೆ ಅಂತ ಬೇರೆ ಇಟ್ಟ. ಅದನ್ನು ಭಟ್ಟಿಯ ಹತ್ತಿರದ ಮತ್ತಿಮರಕ್ಕೆ ಸಿಕ್ಕಿಸಿ, ಹಳ್ಳದಲ್ಲಿ ಮುಳುಗಿ, ಮರಳು ಹಾಕಿ ಮೈ ತಿಕ್ಕಿ, ಒಗೆದ ಬಟ್ಟೆ ಉಟ್ಟು ಮನೆ ಕಡೆ ಹೊರಟ. ತನ್ನ ಅಂಗೈಯನ್ನು ತಾನೇ ಮೂಸಿ ನೋಡಿಕೊಂಡ. ಏನೂ ಇಲ್ಲ. ಅವನ ಮೂಗಿಗೆ ಏನೂ ಇಲ್ಲ.

ಸಂಜೆಯ ಬಿಸಿಲು ರಾಗಿಯ ಮೇಲೆ ಬಿದ್ದಿತ್ತು. ಗಾಳಿ ಅವನ ಬೆನ್ನ ಹಿಂದಿನಿಂದ ಗುಡಿಸಲ ಕಡೆ ಬೀಸುತ್ತಿತ್ತು. ಅಂಗಳದಲ್ಲಿ ಕೆಂಪಿ ಒಲೆ ಹೂಡಿ ಹಿಟ್ಟು ತಿರುವುತ್ತಿದ್ದದ್ದು ದೂರದಿಂದಲೇ ಕಾಣುತ್ತಿತ್ತು. ಪಕ್ಕದಲ್ಲಿ ಚಾಪೆಯ ಮೇಲೆ ಮಲ್ಲಿ, ಅದರ ಪಕ್ಕದಲ್ಲಿ ಬೂದಿ. ಜವರನಿಗೆ ಸುಮ್ಮನೆ ನಗು ಬಂತು. ಈಗ ಬೂದಿ ಏಳುತ್ತದೆ, ಕೆಂಪಿಯ ಮೊಣಕಾಲಿಗೆ ಬಾಲ ಬಡಿಯುತ್ತದೆ, ಅವಳು ತಲೆಯೆತ್ತಿ ದಾರಿ ನೋಡುತ್ತಾಳೆ. ಹತ್ತು ದಿನದಿಂದ ಅವನು ಕಾಯುತ್ತಿದ್ದದ್ದು ಇದಕ್ಕೇ.

ಬೂದಿ ಎದ್ದಿತು. ಮೂಗು ಎತ್ತಿ ಗಾಳಿ ಹಿಡಿಯಿತು. ಮೈಯ ಮೇಲೆ ಉಳಿದಿದ್ದ ರೋಮವೆಲ್ಲ ನಿಮಿರಿತು. ಬೊಗಳಲಿಲ್ಲ. ಕೆಂಪಿಯ ಸೀರೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿತ್ತಲ ಕಡೆ ಎಳೆಯಿತು.

ಕೆಂಪಿ ಹಿಟ್ಟಿನ ಕೋಲನ್ನು ಅಲ್ಲೇ ಬಿಟ್ಟಳು. ಕೂಸನ್ನು ಬಾಚಿಕೊಂಡಳು. ತಿರುಗಿ ನೋಡಲಿಲ್ಲ. ಓಡಿದಳು.

"ಕೆಂಪೀ!" ಅಂತ ಕೂಗಿದ ಜವರ. "ನಾನು ಕಣೇ! ಕೆಂಪೀ, ನಾನು!"

ಅವಳು ಹಿತ್ತಲ ಬೇಲಿ ದಾಟಿದಳು. ಒಂದು ಸಲ ಎಡವಿ ಮಂಡಿಯ ಮೇಲೆ ಬಿದ್ದಳು, ಕೂಸನ್ನು ಎದೆಗೆ ಅವುಚಿಕೊಂಡೇ ಎದ್ದಳು. ಬೂದಿ ಸೀರೆ ಬಿಡಲಿಲ್ಲ. ಜವರ ಹಿಂದೆಯೇ ಓಡಿದ. ಅವನು ಹತ್ತಿರವಾದಷ್ಟೂ ನಾಯಿ ಹುಚ್ಚು ಹಿಡಿದ ಹಾಗೆ ಎಳೆಯಿತು, ಅವಳು ಇನ್ನೂ ಜೋರಾಗಿ ಓಡಿದಳು. ಅದು ಹೊಳೆದ ಮೇಲೆ ಅವನು ನಿಂತುಬಿಟ್ಟ.

ಅಂಗಳದಲ್ಲಿ ಹಿಟ್ಟು ಸೀಯತೊಡಗಿತ್ತು. ಕೆಂಪಿ ದೊಡ್ಡಕಲ್ಲಿನ ಸೀಳು ಹತ್ತಿ, ಕೂಸನ್ನು ಒಳಗೆ ತಳ್ಳಿ, ಆಗ ತಿರುಗಿದಳು. ಬಯಲಲ್ಲಿ ಒಬ್ಬನೇ ನಿಂತಿದ್ದ ಗಂಡನನ್ನು ಕಂಡಳು. ಬೂದಿ ಅವಳ ಕಾಲ ಮುಂದೆ ನಿಂತು, ಅವನ ಕಡೆ ನೋಡುತ್ತ ನಡುಗುತ್ತಿತ್ತು. ಕೆಂಪಿ ನಾಯಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಅವಳ ಮುಖ ಗಾಬರಿಯಲ್ಲಿ ಕಿತ್ತುಹೋಯಿತು. ಎರಡು ಕೈಯನ್ನೂ ಬೀಸುತ್ತ, ಎದೆ ಬಿರಿಯುವ ಹಾಗೆ ಕಿರುಚಿದಳು.

"ಇಂದ್ಗಡೆ ಆನೆ ಅದೆ! ನಿಂತ್ಕೊಬ್ಯಾಡ! ಓಡ್ ಬಾ, ನಿನ್ ಇಂದ್ಗಡೇನೇ ಅದೆ!"

ಜವರ ತಿರುಗಿ ನೋಡಿದ. ಹಿಂದೆ ಅವನು ಬಂದ ದಾರಿ ಇತ್ತು, ರಾಗಿ ಹೊಲ ಇತ್ತು. ಮತ್ತೇನೂ ಇರಲಿಲ್ಲ.